ಸಭಾಪತಿಯ ಗಂಟಲು

ಹೊಟ್ಟೆಯ ಮೇಲೆ ಒಂದು ದಿಂಬನ್ನು ಒತ್ತಿ ಹಿಡಿದುಕೊಂಡು ಅವನು ಮೈಕಿನ ಮುಂದೆ ನಿಂತಿದ್ದ. ಊಟದ ಹೊತ್ತು ಹತ್ತಿರವಾದಂತೆ ಅವನ ಹೊಟ್ಟೆ ಗುರುಗುಟ್ಟುತ್ತಿತ್ತು, ಆ ಮೈಕಿಗೋ ಇರುವೆ ನಡೆದರೂ ಕೇಳಿಸುತ್ತಿತ್ತು. ಎದುರಿನ ಪರದೆ ಪೂರ್ತಿ ಕಪ್ಪು. ನಡುವೆ ತಟ್ಟೆಯಗಲದ ಒಂದು ದುಂಡನೆಯ ಕಿಂಡಿ. ಆ ಕಿಂಡಿಯೊಳಗೆ ಒಂದು ಬಾಯಿ, ಮೂಗಿನ ತುದಿ, ಒಪ್ಪವಾಗಿ ಕತ್ತರಿಸಿದ ನರೆತ ಗಡ್ಡ. ಅಷ್ಟೇ. ಆ ಬಾಯಿ ತೆರೆದಾಗ ಇವನು ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು.

"ಈ ನೆಲದಿಂದ ನಿಮ್ಮನ್ನ ಯಾರೂ ಕದಲಿಸೋಕೆ ಆಗಲ್ಲ. ನಾನಿದ್ದೀನಿ," ಎಂದ, ಮೆಲ್ಲಗೆ, ಮಲಗಿದ ಮಗುವಿಗೆ ಹೊದಿಸುವವನ ಹಾಗೆ.

ಗಾಜಿನಾಚೆ ಕೂತಿದ್ದ ಮೇಡಂ ಕೈಯೆತ್ತಿ ಸರಿ ಎಂದರು. ಡಬ್ಬಿಂಗಿನ ಉಸ್ತುವಾರಿ ಅವರದು. ಅವನು ಹೆಡ್‌ಫೋನ್ ಕಳಚಿ, ಎಂಟು ತಿಂಗಳಿಂದ ದಿನಾ ಕೇಳುತ್ತ ಬಂದಿದ್ದನ್ನೇ ಮತ್ತೆ ಕೇಳಿದ. ಕಿಂಡಿಯೊಳಗಿನ ಈ ಸಭಾಪತಿ ಯಾರ ಜೊತೆ ಮಾತಾಡುತ್ತಿದ್ದಾನೆ? ಅವನ ಕೈಯಲ್ಲಿ ಏನಿದೆ? ಮಾತು ಮುಗಿಸಿ ಯಾಕೆ ಅಷ್ಟು ಹೊತ್ತು ಸುಮ್ಮನಿದ್ದ? ಮೇಡಂ ನಕ್ಕು, ಎಂದಿನಂತೆ, ಊಟ ತಣ್ಣಗಾಗುತ್ತಿದೆ ಎಂದರು.

ಏಳು ಗ್ರಹಗಳ ಕಥೆಯ ಆ ಧಾರಾವಾಹಿ ಬೇರೆ ದೇಶದ್ದು. ಹತ್ತಾರು ಭಾಷೆಗಳಲ್ಲಿ ಒಂದೇ ದಿನ ಬರಬೇಕಿತ್ತು. ಕಥೆ ಹೊರಬಿದ್ದೀತು ಎಂದು ಕಂಪನಿಯವರಿಗೆ ಎಷ್ಟು ಹೆದರಿಕೆಯೆಂದರೆ, ಯಾರ ಮಾತೋ ಅವರ ಬಾಯಿಯನ್ನಷ್ಟೇ ಬಿಟ್ಟು ಉಳಿದ ಚಿತ್ರಕ್ಕೆಲ್ಲ ಕಪ್ಪು ಬಳಿದು ಕಳಿಸುತ್ತಿದ್ದರು. ಧ್ವನಿ ಕೊಡುವವರು ಒಬ್ಬೊಬ್ಬರಾಗಿ ಬಂದು ತಮ್ಮ ಮಾತು ಆಡಿ ಹೋಗಬೇಕು. ಸಭಾಪತಿಯ ಎದುರಾಳಿಯ ಗಂಟಲು ಯಾರದು ಅನ್ನುವುದೂ ಇವನಿಗೆ ಗೊತ್ತಿರಲಿಲ್ಲ. ಎಲ್ಲರ ಮಾತೂ ಇದ್ದದ್ದು ಮೇಡಂ ಒಬ್ಬರ ಬಳಿ. ಅವರು ಬಾಯಿಗೆ ಬೀಗ ಹಾಕಿಕೊಳ್ಳುವುದಾಗಿ ಸಹಿ ಮಾಡಿಕೊಟ್ಟಿದ್ದರು.

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಗಂಟಲು ಎಂದೇ ಕರೆಯುತ್ತಿದ್ದರು. ಇಷ್ಟು ವರ್ಷ ಆ ಗಂಟಲಿಗೆ ಸಿಕ್ಕಿದ್ದು ಬರೀ ಪುಂಡರು. ಬಾಗಿಲು ಒದ್ದು ಬರುವವನು, ಕುತ್ತಿಗೆಗೆ ಚಾಕು ಹಿಡಿಯುವವನು, ಖಳನಾಯಕನ ಹಿಂದೆ ನಿಂತು ಹೌದು ಹೌದು ಅನ್ನುವವನು. ನಡುವೆ ಒಮ್ಮೆ ಫಿನಾಯಿಲ್ ಜಾಹೀರಾತು. ಅಂಥವನಿಗೆ ಈ ಸಭಾಪತಿ ಸಿಕ್ಕಿದ್ದ. ಕಿಂಡಿಯೊಳಗಿನ ಬಾಯಿ ಬೈದದ್ದಿಲ್ಲ, ಗದರಿದ್ದಿಲ್ಲ. ಸಮಾಧಾನ ಹೇಳುತ್ತಿತ್ತು, ಕ್ಷಮೆ ಕೇಳುತ್ತಿತ್ತು, ಅಧಿಕಾರ ಬೇಡ ಬೇಡವೆಂದು ಹೇಳಿ ಕೊನೆಗೆ ಎಲ್ಲರ ಒತ್ತಾಯಕ್ಕೆ ಒಪ್ಪಿಕೊಳ್ಳುತ್ತಿತ್ತು. ಮೊದಲ ಕಂತುಗಳಲ್ಲಿ ಕಿಂಡಿಯ ಕೆಳಗೆ ಇಣುಕುತ್ತಿದ್ದದ್ದು ಒರಟು ಬಟ್ಟೆಯ ಕಾಲರು. ಆಮೇಲೆ ರೇಷ್ಮೆ ಬಂತು, ಆಮೇಲೆ ಚಿನ್ನದ ಎಳೆ. ಮುರಿದಿದ್ದ ಒಂದು ಹಲ್ಲು ನಡುವೆ ಎಲ್ಲೋ ಸರಿಯಾಗಿಬಿಟ್ಟಿತು. ಆ ಕಾಲರನ್ನೂ ಹಲ್ಲನ್ನೂ ನೋಡಿಯೇ ಅವನು, ನಮ್ಮವನು ಮೇಲೆ ಬರುತ್ತಿದ್ದಾನೆ ಎಂದು ಹಿಗ್ಗುತ್ತಿದ್ದ. ಬಡ ಗ್ರಹವೊಂದರಲ್ಲಿ ಹುಟ್ಟಿ, ಒಳ್ಳೆಯತನ ಒಂದರಿಂದಲೇ ಏಳು ಗ್ರಹಗಳನ್ನು ಗೆದ್ದವನ ಕಥೆಯನ್ನು ತಾನೇ ಕಟ್ಟಿಕೊಂಡು, ದಿನಾ ಸಂಜೆ ಹೆಂಡತಿಗೂ ಅಮ್ಮನಿಗೂ ಒಪ್ಪಿಸುತ್ತಿದ್ದ.

ಅಂಥ ಮನುಷ್ಯನಿಗೆ ಎಂಥ ಧ್ವನಿ ಕೊಡುವುದು? ಮೊದಲ ದಿನ ಮೈಕಿನ ಮುಂದೆ ನಿಂತಾಗ ಅವನಿಗೆ ಹೊಳೆದದ್ದು ಒಂದೇ ಧ್ವನಿ, ಅಪ್ಪನದು. ಅಪ್ಪ ನಗರಸಭೆಯ ಸದಸ್ಯನಾಗಿದ್ದ. ಬಾಗಿಲಿಗೆ ಜಗಳ ಹೊತ್ತು ಬಂದವರು ಅಪ್ಪ ನಾಲ್ಕು ಮಾತಾಡುವುದರೊಳಗೆ ಮೆತ್ತಗಾಗಿ ಹೋಗುತ್ತಿದ್ದರು. ಆಗದವರೆಲ್ಲ ಸೇರಿ ಅಪ್ಪನನ್ನು ಕೆಳಗಿಳಿಸಿದರು, ಆಮೇಲೆ ಆತ ಹೊಸ್ತಿಲು ದಾಟಲಿಲ್ಲ, ಮುಂದಿನ ಕೋಣೆಯ ಕುರ್ಚಿಯಲ್ಲೇ ಸವೆದು ಹೋದ. ಇಷ್ಟು ಅವನಿಗೆ ಗೊತ್ತಿದ್ದ ಕಥೆ. ಹುಡುಗನಾಗಿದ್ದಾಗ ಕೇಳಿದ್ದ ಆ ಧ್ವನಿ, ಮಾತಿನ ನಡುವೆ ಉಸಿರು ತೆಗೆಯುವ ಆ ರೀತಿ, ಎಲ್ಲ ಹಾಗೇ ಬಂದುಬಿಟ್ಟಿತು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಅಳು ಬಂದಿತ್ತು.

ಕೊನೆಯ ನಾಲ್ಕು ಕಂತುಗಳ ಡಬ್ಬಿಂಗ್ ಉಳಿದಿರುವಾಗಲೇ ಧಾರಾವಾಹಿ ಟಿವಿಯಲ್ಲಿ ಶುರುವಾಯಿತು, ವಾರಕ್ಕೊಂದು ಸಂಜೆ. ಹಿಂದಿನ ದಿನ ಮೇಡಂ ಅವನನ್ನು ಕರೆದು ಕೂರಿಸಿಕೊಂಡರು.

"ಒಂದೇ ಒಂದು ಮಾತು ನಡೆಸಿಕೊಡಿ ಸರ್. ನಿಮ್ಮ ಕೆಲಸ ಪೂರ್ತಿ ಮುಗಿಯೋವರೆಗೂ ನೋಡಬೇಡಿ."

ತನ್ನ ಧ್ವನಿ ತಾನೇ ಕೇಳಿಸಿಕೊಳ್ಳುವುದು ಅವನಿಗೂ ಆಗದ ಕೆಲಸವೇ, ಹಾಗಾಗಿ ಒಪ್ಪಿಕೊಂಡ. ಆದರೆ ಯಾಕೆ ಎಂಬ ಹುಳವೊಂದು ತಲೆಗೆ ಹೊಕ್ಕಿತು. ಅತ್ತೆ ಸೊಸೆ ಟಿವಿ ಮುಂದೆ ಕೂತಾಗ ಅವನು ಕೆಳಗಿಳಿದು ವಾಹನ ನಿಲ್ಲಿಸುವ ಅಂಗಳದಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಒಂದೊಂದು ಕಿಟಕಿಯಿಂದಲೂ ಅವನದೇ ಧ್ವನಿ ಸೋರುತ್ತಿತ್ತು. ಮಾತು ಕೊಟ್ಟವನಲ್ಲವೇ, ಕಿವಿಗೆ ಬೀಳದಿರಲೆಂದು ಜೋರಾಗಿ ಏನೋ ಗುನುಗುತ್ತಿದ್ದ.

ಮೊದಲ ವಾರಗಳಲ್ಲಿ ಎಲ್ಲ ಚೆನ್ನಾಗಿತ್ತು. ಮೇಲಿನ ಮನೆಯ ನರ್ಸ್ ಕೈ ಕುಲುಕಿದಳು. ಸಭಾಪತಿ ನಿಜವಾಗಿ ಇದ್ದಿದ್ದರೆ ವೋಟು ಅವನಿಗೇ ಎಂದು ಕ್ಷೌರಿಕ ಹೇಳಿದ. ಆಮೇಲೊಂದು ಸಂಜೆ ಅವನು ಮೇಲೆ ಬಂದಾಗ ಹೆಂಡತಿಯ ಮುಖ ಸಪ್ಪಗಿತ್ತು. ಏನು ಎಂದರೆ ಏನಿಲ್ಲ. ಅಮ್ಮ ಆಗಲೇ ಎದ್ದು ತನ್ನ ಕೋಣೆಗೆ ಹೋಗಿದ್ದಳು. ಮರುದಿನ ಬ್ರೆಡ್ ತರಲು ಹೋದರೆ ಅಂಗಡಿಯವನು ಚಿಲ್ಲರೆ ಕೊಡುತ್ತ, "ನಿಮ್ಮನ್ನ ನಂಬಿದ್ವಲ್ಲ ಸರ್," ಎಂದ. ತಮಾಷೆಯ ಧಾಟಿಯೇನೋ ಹೌದು, ಆದರೆ ಕಣ್ಣು ನಗುತ್ತಿರಲಿಲ್ಲ.

ಅವನಿಗೆ ತಡೆಯಲಾಗಲಿಲ್ಲ. ನೋಡುವುದಿಲ್ಲ ಎಂದಷ್ಟೇ ಮಾತು ಕೊಟ್ಟದ್ದು, ಕೇಳುವುದಿಲ್ಲ ಎಂದಲ್ಲ ಎಂದು ವಕೀಲನಂತೆ ವಾದ ಹೂಡಿ ಹೆಂಡತಿಯ ಹಿಂದೆ ಬಿದ್ದ. ಅವಳು ಪಾತ್ರೆ ಒರೆಸುತ್ತ ಅತ್ತ ಹೋದರೆ ಅತ್ತ, ಇತ್ತ ಬಂದರೆ ಇತ್ತ. ಕೊನೆಗೆ ಅವಳು ಬಟ್ಟೆ ಕೆಳಗಿಟ್ಟಳು.

"ಅವನು ಒಳ್ಳೆಯವನಲ್ಲ ಕಣ್ರೀ."

ಒಂದು ಚಂದ್ರನ ಮೇಲೆ ಗಣಿ ಕೆಲಸದವರ ಊರಿತ್ತಂತೆ. ಸಭಾಪತಿ ಅಲ್ಲಿಗೆ ಹೋಗಿ ಅವರ ಜೊತೆ ನೆಲದ ಮೇಲೆ ಕೂತು, ಕಣ್ಣೊರೆಸಿ, ಯಾರೂ ನಿಮ್ಮನ್ನು ಕದಲಿಸುವುದಿಲ್ಲ ಎಂದು ಹೇಳಿದನಂತೆ. ಹೇಳಿ, ತನ್ನ ನೌಕೆ ಹತ್ತಿ, ಕೈ ತೊಳೆದುಕೊಂಡು, ಊರು ಖಾಲಿ ಮಾಡಿಸಿ ಎಂದು ಬಾಯಿ ತೆರೆಯದೆ ಬೆರಳಾಡಿಸಿದನಂತೆ. ಆ ಜಾಗ ಬೇರೆಯವರ ಪಾಲಾಗಿದ್ದು ಅವನು ಅಲ್ಲಿಗೆ ಹೋಗುವ ಮುಂಚೆಯೇ. ಜನ ಮಂಚ, ಮಕ್ಕಳು, ಕೊಡಗಳನ್ನು ಹೊತ್ತು ಸಾಲಾಗಿ ಹೋಗುವುದನ್ನು ತೋರಿಸುವಾಗ ಹಿನ್ನೆಲೆಯಲ್ಲಿ ಅವನ ಆ ಮಾತನ್ನೇ ಮತ್ತೆ ಕೇಳಿಸಿದರು ಎಂದು ಹೇಳಿ ಹೆಂಡತಿ ಮತ್ತೆ ಬಟ್ಟೆ ಎತ್ತಿಕೊಂಡಳು.

ಮೇಡಂ ಯಾಕೆ ನೋಡಬೇಡ ಎಂದರು ಎಂದು ಈಗ ಅವನಿಗೆ ತಿಳಿಯಿತು. ಇವನು ನಂಬಿ ಆಡಿದ್ದರಿಂದಲೇ ನೋಡಿದವರೆಲ್ಲ ನಂಬಿದ್ದರು. ಆದರೆ ಕೋಪ ಬರುವ ಮೊದಲೇ ಇನ್ನೊಂದು ಬಂತು. ಅಪ್ಪನ ಧ್ವನಿಯನ್ನು ತೆಗೆದುಕೊಂಡು ಹೋಗಿ ಎಂಥವನ ಬಾಯಿಗೆ ಹಾಕಿಬಿಟ್ಟೆ? ಅಮ್ಮ ಅದನ್ನು ಪೂರ್ತಿ ಕೂತು ಕೇಳಿದಳಲ್ಲ?

ಅಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ಅವನು ಮಂಚದ ತುದಿಯಲ್ಲಿ ಕೂತು, ಒಳ್ಳೆಯವನೆಂದು ತಿಳಿದು ಅಪ್ಪನ ಗಂಟಲು ಕೊಟ್ಟೆ, ತಪ್ಪಾಯಿತು, ಉಳಿದ ಕಂತುಗಳಿಗೆ ಧ್ವನಿ ಬದಲಾಯಿಸುತ್ತೇನೆ, ಕೆಲಸ ಹೋದರೆ ಹೋಗಲಿ ಎಂದ.

"ಯಾಕೆ ಬದಲಾಯಿಸ್ತೀಯ? ಸರಿಯಾಗೇ ಇದೆಯಲ್ಲ," ಎಂದು ಅಮ್ಮ ಹಲ್ಲಿನಿಂದ ದಾರ ಕಚ್ಚಿದಳು.

"ಸರಿಯಾಗಿದೆ ಅಂದ್ರೆ?"

"ಅವರು ಹಾಗೇ ಮಾತಾಡಿದ್ದು. ಹಳೇ ಮಾರ್ಕೆಟ್ಟಿನವರ ಹತ್ರ."

ಜಾಗ ಹೋಗುತ್ತದೆಂದು ಹೆದರಿ ಹಳೇ ಮಾರ್ಕೆಟ್ಟಿನವರು ಮನೆಗೆ ಬಂದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ತರಕಾರಿ ಮಾರುವ ಹೆಂಗಸರು, ಚಪ್ಪಲಿ ಹೊಲಿಯುವವರು, ಅಂಗಳ ತುಂಬ ಜನ. ಅಪ್ಪ ಬರಿಗಾಲಲ್ಲಿ ಹೊರಗೆ ಬಂದು ಅವರ ಜೊತೆ ಮೆಟ್ಟಿಲ ಮೇಲೆ ಕೂತಿದ್ದ. ಒಬ್ಬ ಮುದುಕಿ ಅಪ್ಪನ ಕೆನ್ನೆ ಸವರಿ ಹೋಗಿದ್ದಳು. ಅದನ್ನೆಲ್ಲ ಅವನು ಕಿಟಕಿಯಿಂದ ನೋಡಿ ಹೆಮ್ಮೆಯಿಂದ ಉಬ್ಬಿದ್ದ. ಕೆಲವೇ ದಿನಗಳಲ್ಲಿ ಮಾರ್ಕೆಟ್ ನೆಲಸಮವಾಗಿತ್ತು. ಆಗದವರು ಮಾಡಿಸಿ ಅಪ್ಪನ ತಲೆಗೆ ಕಟ್ಟಿದರು ಎಂದು ಅವನು ಕೇಳಿ ಬೆಳೆದಿದ್ದ.

"ಮಾರ್ಕೆಟ್ ಕೆಡವೋ ಮಾತು ಹಿಂದಿನ ದಿನವೇ ಆಗಿ ಹೋಗಿತ್ತು, ನಮ್ಮನೆ ಊಟದ ಕೋಣೇಲೇ," ಎಂದಳು ಅಮ್ಮ. ಯಾವುದರ ಹಿಂದಿನ ದಿನ ಎಂಬಂತೆ ಅವನು ನೋಡಿದ್ದಕ್ಕೆ, ಬಿಡಿಸಿ ಹೇಳಿದಳು. "ಅವರೆಲ್ಲ ಬರೋದಕ್ಕೆ ಮುಂಚಿನ ದಿನ. ಬಡಿಸಿದವಳು ನಾನೇ. ನೀನು ಕಿಟಕೀಲಿ ಅಂಗಳ ನೋಡ್ತಾ ಇದ್ದೆ, ನಾನು ಒಳಗಿದ್ದೆ. ಅಷ್ಟೇ ವ್ಯತ್ಯಾಸ."

ಅವನಿಗೆ ರೇಗಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದ. ನಿನಗೊಬ್ಬ ಅಪ್ಪ ಬೇಕಾಗಿತ್ತಲ್ಲೋ ಎಂದಳು. ನಾನು ಒಳಗಿದ್ದೆ ಎಂದಳಲ್ಲ, ಅವಳಿಗೆ ಎಲ್ಲ ತಿಳಿದಿತ್ತೆಂದು ಅಪ್ಪನಿಗೆ ಗೊತ್ತಿತ್ತೇ, ಅದರ ಬಗ್ಗೆ ಇಬ್ಬರೂ ಯಾವತ್ತಾದರೂ ಮಾತಾಡಿದ್ದರೇ ಎಂದ. ಅಮ್ಮ ಸೂಜಿಗೆ ಹೊಸ ದಾರ ಪೋಣಿಸತೊಡಗಿದಳು. ದಾರ ಒಳಗೆ ಹೋಗಲಿಲ್ಲ. ಅವನು ಪೋಣಿಸಿ ಕೊಟ್ಟು ಎದ್ದು ಬಂದ.

ಉಳಿದ ಕಂತುಗಳಿಗೆ ಹೋದಾಗ ಅವನ ಮುಖ ನೋಡಿದ ಕೂಡಲೇ ಮೇಡಂಗೆ ತಿಳಿದುಹೋಯಿತು. ಅವರು ನೆಪ ಹೇಳಲಿಲ್ಲ. ಮೊದಲ ವಾರವೇ ಹೇಳಿಬಿಡಬೇಕೆಂದಿದ್ದೆ, ಆದರೆ ನಿಮ್ಮ ಧ್ವನಿ ಕೇಳಿ ನಾನೇ ಮೋಸಹೋದೆ, ಕಥೆ ಗೊತ್ತಿದ್ದ ನಾನೇ, ಎಂದರು. ಅವನು ಶೂ ಬಿಚ್ಚಿಟ್ಟು ಒಳಗೆ ಹೋಗಿ ನಿಂತ.

ಸಭಾಪತಿ ಬೀಳುತ್ತಿದ್ದ. ಮೊದಲು ಚಿನ್ನದ ಎಳೆ ಹೋಯಿತು, ಮುಂದಿನ ದೃಶ್ಯದಲ್ಲಿ ಕಾಲರಿನ ಗುಂಡಿಯೇ ಇರಲಿಲ್ಲ. ಗಡ್ಡ ಅಡ್ಡಾದಿಡ್ಡಿ ಬೆಳೆದಿತ್ತು. ಇವನು ಪುಂಡರಿಗೆ ಬಳಸುತ್ತಿದ್ದ ತನ್ನ ಹಳೆಯ ಸಾಮಾನೆಲ್ಲ ಹೊರತೆಗೆದ. ಹಲ್ಲು ಕಡಿದ, ಗುಟುರು ಹಾಕಿದ, ಮೂಗಿನಲ್ಲಿ ನಕ್ಕ. ಕೆಟ್ಟವನನ್ನು ಕೆಟ್ಟವನ ಹಾಗೆ ಆಡಿಬಿಟ್ಟರೆ ಅಪ್ಪನನ್ನು ಅಲ್ಲಿಂದ ಬಿಡಿಸಿಕೊಂಡು ಬಂದಂತೆ ಎಂಬ ಲೆಕ್ಕ. ಮೇಡಂ ಒಂದೆರಡು ಸಲ ಕೇಳಿಸಿಕೊಂಡು, ಒಳಗೆ ಕೇಳಿಸುವಂತೆ ತಮ್ಮ ಮೈಕಿನ ಗುಂಡಿ ಒತ್ತಿದರು.

"ಇದು ಯಾರು ಸರ್? ನಂಗೆ ಗೊತ್ತಿಲ್ಲದವರು," ಎಂದರು ಮೆಲ್ಲಗೆ. ಬೇಕಾದರೆ ಬೇರೆಯವರನ್ನು ಕರೆಸಬಹುದು, ಅವನ ಸಂಭಾವನೆಗೆ ಏನೂ ತೊಂದರೆಯಿಲ್ಲ ಎಂದೂ ಸೇರಿಸಿದರು.

ಅವನು ನೀರು ಕುಡಿದ. ಬೇರೆಯವರು ಬಂದು ಈ ಬಾಯಿಯನ್ನು ಆಡುವುದನ್ನು ನೆನೆಸಿಕೊಂಡ. ಯಾಕೋ ಅದು ಸಾಧ್ಯವೇ ಇಲ್ಲ ಅನಿಸಿತು. ಅಪ್ಪ ಸೋತ ಮೇಲೆ ಹೇಗೆ ಮಾತಾಡುತ್ತಿದ್ದ? ಕುರ್ಚಿಯಲ್ಲಿ ಕೂತವನು ಕೇಳುತ್ತಿದ್ದದ್ದು ಬರೀ ಇಂಥವು. ಹೊರಗೆ ಯಾರಾದರೂ ಬಂದರಾ? ಗೇಟು ಸದ್ದಾಯಿತಾ? ಆಗಲೂ ಧ್ವನಿ ಮೆತ್ತಗೇ ಇತ್ತು, ನಡುವೆ ಉಸಿರು ಮಾತ್ರ ಮೊದಲಿನಷ್ಟು ಸಿಗುತ್ತಿರಲಿಲ್ಲ. ಕೆಟ್ಟವನೋ ಒಳ್ಳೆಯವನೋ, ಆ ಉಸಿರು ಅವನಿಗೆ ಗೊತ್ತಿತ್ತು. ಜಗತ್ತಿನಲ್ಲಿ ಅದು ಗೊತ್ತಿದ್ದವರು ಇನ್ನು ಉಳಿದದ್ದು ಇಬ್ಬರೇ, ಅವನೂ ಅಮ್ಮನೂ.

ಅವನು ಸನ್ನೆ ಮಾಡಿದ. ಕಿಂಡಿ ಬೆಳಗಿತು. ಕೊನೆಯ ಮಾತು ತೀರ ಚಿಕ್ಕದು, ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿಯುವಂಥದು.

"ನಿನಗೆ ಗೊತ್ತಿತ್ತಾ?"

ಆಮೇಲೆ ಬಾಯಿ ಅಲುಗಲಿಲ್ಲ. ಆದರೆ ಕಿಂಡಿ ಕೂಡಲೇ ಮುಚ್ಚಲೂ ಇಲ್ಲ. ತುಟಿಗಳು ಅರೆ ತೆರೆದೇ ಇದ್ದವು, ಅವನು ಉಸಿರನ್ನು ಹಾಗೇ ಹಿಡಿದುಕೊಂಡಿದ್ದ. ಗಾಜಿನಾಚೆ ಮೇಡಂ ಕೈಯೆತ್ತಲೂ ಮರೆತು ಕೂತಿದ್ದರು. ಅವನು ಹೊರಗೆ ಬಂದು, ಇದನ್ನು ಯಾರಿಗೆ ಕೇಳುತ್ತಾನೆ ಮೇಡಂ ಎಂದ. ಅವರು ಈ ಸಲ ನಗಲಿಲ್ಲ. ಉತ್ತರ ಕೊಡುವ ಮಾತು ಯಾರ ಪಾಲಿಗೂ ಬಂದಿಲ್ಲ ಸರ್, ಅದು ನನಗೂ ಗೊತ್ತಿಲ್ಲ ಎಂದರು.

ಕೊನೆಯ ಕಂತಿನ ಸಂಜೆ ಅವನು ಕೆಳಗಿಳಿಯಲಿಲ್ಲ. ಹೆಂಡತಿ ಸೋಫಾದಲ್ಲಿ ಜಾಗ ಮಾಡಿಕೊಟ್ಟಳು. ಅಮ್ಮ ಟಿವಿಗೆ ಹತ್ತಿರವಾಗಿ ತನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಸಭಾಪತಿಯ ಹಣೆ, ಕಣ್ಣು, ಕಿವಿಗಳನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಕಣ್ಣು ಅವನು ಅಂದುಕೊಂಡಿದ್ದಕ್ಕಿಂತ ಚಿಕ್ಕವು. ಕೈಗಳು ದಪ್ಪ, ರೈತನ ಕೈಯಂತೆ. ಸಭೆಯವರು ಒಬ್ಬೊಬ್ಬರಾಗಿ ಎದ್ದು ಹೋದರು, ಕಾವಲಿನವರು ಹೋದರು, ನೌಕೆಯ ದೀಪಗಳು ಆರಿದವು. ಉಳಿದದ್ದು ಒಂದು ಕೋಣೆ, ಒಂದು ಮೇಜು, ಎದುರಿಗೆ ಒಂದು ಖಾಲಿ ಕುರ್ಚಿ. ಅಲ್ಲಿ ಯಾರೂ ಇರಲಿಲ್ಲ. ಅಷ್ಟು ತಿಂಗಳು ಅವನ ತಲೆ ಕೊರೆದದ್ದಕ್ಕೆ ಸಿಕ್ಕ ಉತ್ತರ ಅಷ್ಟು.

ಸಭಾಪತಿ ಆ ಕುರ್ಚಿಯತ್ತ ತಿರುಗಿ, ಅಪ್ಪನ ಧ್ವನಿಯಲ್ಲಿ, ಸಿಕ್ಕಿಯೂ ಸಿಗದ ಉಸಿರಿನಲ್ಲಿ ಕೇಳಿದ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ," ಎಂದಳು ಅಮ್ಮ.

ಹೆಂಡತಿ ಅವನ ಕಡೆ ನೋಡಿದಳು. ಪರದೆಯ ಮೇಲೆ ಮುದುಕ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಮೇಜಿನ ಮೇಲೆ ಕೈ ಊರಿ, ತಲೆ ಆಡಿಸಿದ.