ಒಂದೇ ಸೆಟ್ಟಿಂಗಿಗೆ ನಾಲ್ಕು ಮನೆ

ಲೋಟದ ತಳದ ಚಹಾ ಕಲೆ ಬೆರಳಿಗೆ ಸಿಗುವುದಿಲ್ಲ, ಬ್ರಷ್ಷಿಗೂ ಸಿಗುವುದಿಲ್ಲ, ಅಲ್ಲೇ ಕುಳಿತು ಅಣಕಿಸುತ್ತದೆ — ಇಷ್ಟು ಕಿರಿದಾದ ಬಾಯಿಯ ಲೋಟ ಯಾರು ಕೊಂಡರೋ, ಇನ್ಯಾರು, ತಾನೇ — ನಲ್ಲಿ ಜೋರಾಗಿ ತಿರುಗಿಸಿದಳು, ನೊರೆ ಮೊಣಕೈವರೆಗೂ ಹತ್ತಿತು, ಅಷ್ಟರಲ್ಲಿ ಕಟ್ಟೆಯ ಮೇಲಿನ ಫೋನು ಒದರಿತು, ಕಣ್ಣಾಸ್ಪತ್ರೆಯ ನರ್ಸಮ್ಮ, ಏನಮ್ಮಾ, ನಿಮ್ಮ ಆ್ಯಪ್ ಕಾಗದ ಕಳಿಸ್ತಿದೆಯೋ ಗಾಳಿಪಟ ಹಾರಿಸ್ತಿದೆಯೋ, ಆಪರೇಷನ್ನಿಗೆ ಕರೆದೋರಲ್ಲಿ ಒಬ್ರೂ ಬರ್ತೀನಿ ಅಂದಿಲ್ಲ, ಡಾಕ್ಟ್ರು ಕೂಗಾಡ್ತಿದಾರೆ, ಸಾಯಂಕಾಲ ಪಟ್ಟಿ ಮುಚ್ತೀವಿ, ಉತ್ತರ ಕೊಡದೋರ ಸರದಿ ಹೋಯ್ತು, ಮತ್ತೆ ಸಾಲಿನ ಬಾಲ ಹಿಡೀಲಿ. ಅಯ್ಯೋ, ಸ್ವಲ್ಪ ತಡೀರಿ ನರ್ಸಮ್ಮ. ನಾನು ತಡೀತೀನಿ ತಾಯಿ, ಅವರ ಕಣ್ಣು ತಡೆಯುತ್ತಾ? — ಕೈ ಒರೆಸಿಕೊಳ್ಳದೆ ಊಟದ ಮೇಜಿನ ಮೇಲಿದ್ದ ಕಂಪ್ಯೂಟರ್ ತೆರೆದಳು, ಕೀಲಿಗಳ ಮೇಲೆ ನೊರೆ, ಪಕ್ಕದ ಕೋಣೆಯಲ್ಲಿ ನಾದಿನಿಯ ಹೊಲಿಗೆ ಯಂತ್ರ ಎರಡು ಹೆಜ್ಜೆ ಓಡಿ ನಿಂತಿತು, ಮತ್ತೆ ಓಡಿ ಮತ್ತೆ ನಿಂತಿತು, ಮೊದಲು ಹೀಗಿರಲಿಲ್ಲ, ಮೊದಲು ಒಂದೇ ಉಸಿರಿಗೆ ಒಂದು ತೋಳು ಮುಗಿಸುತ್ತಿದ್ದಳು, ಈಗ ಕಪ್ಪು ಬಟ್ಟೆ ಬಂದರೆ ವಾಪಸ್ಸು ಕಳಿಸುತ್ತಾಳೆ, ಕಪ್ಪಿನ ಮೇಲೆ ಕಪ್ಪು ದಾರ ಹಾವಿನ ಹೆಜ್ಜೆ ಅತ್ತಿಗೇ, ಹಾವಿಗೇ ಗೊತ್ತು ಎಂದು ನಗುತ್ತಾಳೆ, ನಕ್ಕು ಬಟ್ಟೆಯನ್ನು ಮೂಗಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಮೂಸುವವಳ ಹಾಗೆ ಹೊಲಿಗೆ ನೋಡುತ್ತಾಳೆ. ಸಂಜೆಗೊಮ್ಮೆ ಕೇಳುತ್ತಾಳೆ, ನಿನ್ನ ಪೆಟ್ಟಿಗೆ ನನ್ನ ಕಾಗದ ಕಕ್ಕಿತೇನೇ? ಸರದಿ ಬರಬೇಕು ಕಣೇ. ಸರದಿ ಬರೋ ಹೊತ್ತಿಗೆ ನಾನು ಕಣ್ಣೇ ಇಲ್ಲದೆ ಹೊಲಿಯೋದು ಕಲ್ತಿರ್ತೀನಿ ಬಿಡು.

ಕಾಗದ ಹೋಗಿದೆ ಎಂದು ಪರದೆಯ ಮೇಲೆ ಹಸಿರು ಗುರುತು ಮಿನುಗುತ್ತಿದೆ, ಹೋಗಿದೆ ಸರಿ, ಎಲ್ಲಿಗೆ — ಟೆಸ್ಟ್ ಪೆಟ್ಟಿಗೆಗೆ! ಆ್ಯಪ್ ಕಟ್ಟುವಾಗ ಸುಳ್ಳು ಕಾಗದ ಬಿಟ್ಟು ನೋಡುವ, ಯಾರೂ ತೆರೆಯದ ಪೆಟ್ಟಿಗೆಗೆ, ಅಲ್ಲಿ ನಿಜವಾದ ಜನರ ಕಾಗದ ರಾಶಿ ಬಿದ್ದಿವೆ, ನಿವೃತ್ತ ಮೇಷ್ಟರು, ಬಸ್ಸಿನ ಡ್ರೈವರ್, ಒಬ್ಬ ಬಾಣಂತಿ, ಮತ್ತೆ — ಬೆರಳು ನಿಂತಿತು — ನಾದಿನಿ. ಬಂದಿದೆ. ಬಂದು ಇಲ್ಲಿ ಕೊಳೆಯುತ್ತಿದೆ, ಗೋಡೆಯ ಆಚೆಗೆ ಅವಳು, ಈಚೆಗೆ ಅವಳ ಕಾಗದ. ಆದರೆ 'ಟೆಸ್ಟ್' ತೆಗೆದು 'ನಿಜ' ಎಂದು ತಾನೇ ಬರೆದದ್ದಲ್ಲವೇ, ಇಗೋ, ಸೆಟ್ಟಿಂಗಿನ ಫೈಲಿನಲ್ಲಿ ನೆಟ್ಟಗೆ 'ನಿಜ' ಎಂದೇ ಇದೆ, ಹಾಗಾದರೆ 'ಟೆಸ್ಟ್' ಎನ್ನುವ ಇನ್ನೊಂದು ಬಾಯಿ ಯಾವುದು, ಹುಡುಕಿದಳು, ಸರ್ವರಿನ ಒಡಲಲ್ಲಿ ಇನ್ನೊಂದು ಸಾಲು, 'ಟೆಸ್ಟ್', ಮೇಲೆ 'ತಾತ್ಕಾಲಿಕ' ಎಂಬ ಟಿಪ್ಪಣಿ, ಆಫೀಸಿನ ಯಜಮಾನರ ಸ್ವಂತ ಫೈಲಿನಲ್ಲಿ ಮತ್ತೊಂದು, 'ನಿಜ', ತಾತ್ಕಾಲಿಕ, ಕೊನೆಗೆ ಕೋಡಿನ ಹೊಟ್ಟೆಯೊಳಗೆ, ತಾರೀಖು ಲೆಕ್ಕ ಹಾಕುವ ಜಾಗದಲ್ಲಿ, ಕೆಲಸ ಬಿಟ್ಟುಹೋದ ಚುರುಕಪ್ಪನ ಸಾಲು, 'ಟೆಸ್ಟ್', ತಾತ್ಕಾಲಿಕ, ದಯವಿಟ್ಟು ಮುಟ್ಟಬೇಡಿ. ತಾರೀಖಿಗೂ ಕಾಗದಕ್ಕೂ ಏನಪ್ಪ ನಂಟು, ಅಡಿಗೆಮನೆಯ ಉಪ್ಪನ್ನು ಸ್ನಾನದ ಮನೆಯಲ್ಲಿ ಇಟ್ಟು ಹೋದ ಪುಣ್ಯಾತ್ಮ! ಈ ಪ್ರಾಜೆಕ್ಟಿನಲ್ಲಿ ಇದೇ ರೂಢಿ, ಹಳೆಯದನ್ನು ಯಾರೂ ಅಳಿಸುವುದಿಲ್ಲ, ಅಳಿಸಿದರೆ ಏನು ಬೀಳುತ್ತದೋ ಎಂದು ಪಕ್ಕದಲ್ಲಿ ಹೊಸದೊಂದು ಬರೆದು ತಾತ್ಕಾಲಿಕ ಎಂದು ಕೈ ತೊಳೆದುಕೊಳ್ಳುತ್ತಾರೆ, ಆ್ಯಪ್ ಕೊನೆಗೆ ಓದಿದ ಸಾಲೇ ಗೆಲ್ಲುತ್ತದೆ, ಕೊನೆಗೆ ಓದುವುದು ಯಾವುದನ್ನೆಂದು ದೇವರಿಗೂ ತಿಳಿಯದು, ನಾಲ್ಕು ಅತ್ತೆಯರು ನಾಲ್ಕು ದಿಕ್ಕಿಗೆ ಕರೆದರೆ ಒಬ್ಬ ಸೊಸೆ ಯಾವ ಕಡೆ ಓಡಬೇಕು, ಗಟ್ಟಿಗಂಟಲಿನವಳ ಕಡೆಗೇ.

ಯಜಮಾನರಿಗೆ ಫೋನು ಮಾಡಿದಳು, ಆ ಕಡೆ ಚಮಚೆಯ ಸದ್ದು, ಊಟಕ್ಕೆ ಕೂತಿದ್ದಾರೆ, ನೋಡಮ್ಮಾ, ಈಗ ಒಳಗೆ ಕೈ ಹಾಕ್ಬೇಡ, ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲು ಹಾಕಿಬಿಡು, 'ನಿಜ' ಅಂತ, ಮುಂದಿನ ವಾರ ನಿಧಾನವಾಗಿ ನೋಡೋಣ. ಸಾರ್, ಅದು ಐದನೇದಾಗುತ್ತೆ. ಆಗ್ಲಿ ಬಿಡು, ತಾತ್ಕಾಲಿಕ ತಾನೆ. ತಾತ್ಕಾಲಿಕ! ಈ ಪದ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಒಂದು ಸಾಲು ಹಾಕಿಬಿಡಬಹುದು, ಅಥವಾ ಏನೂ ಬೇಡ, ನಾದಿನಿಯ ಕಾಗದ ಒಂದನ್ನೇ ಕೈಯಿಂದ ಕಳಿಸಿ, ಬಾರೇ ಬಂತು ಎಂದು ಕೂಗಿದರಾಯಿತು, ಯಾರಿಗೆ ತಿಳಿಯುತ್ತದೆ — ಮೇಷ್ಟರಿಗೆ ತಿಳಿಯುವುದಿಲ್ಲ, ಡ್ರೈವರಿಗೆ ತಿಳಿಯುವುದಿಲ್ಲ, ಅವನು ಆ ಕಣ್ಣಿನಲ್ಲಿ ಬಸ್ಸು ಓಡಿಸುತ್ತಿದ್ದಾನೋ ಏನೋ, ಛೆ, ನಾಳೆ ಆ ಐದನೆಯ ಸಾಲಿನ ಕೆಳಗೆ ಇನ್ನೊಬ್ಬ ಚುರುಕಪ್ಪ ಆರನೆಯದು ಬರೆಯುತ್ತಾನೆ, ಇನ್ನೊಂದು ರಾಶಿ ಇನ್ನೊಂದು ಪೆಟ್ಟಿಗೆಯಲ್ಲಿ ಕೊಳೆಯುತ್ತದೆ. ಸಾರ್, ಕಿತ್ತು ಒಂದೇ ಕಡೆ ಇಡ್ತೀನಿ. ಮುರಿದ್ರೆ? ಮುರಿದೇ ಇದೆಯಲ್ಲ ಸಾರ್, ನಮಗೆ ಸದ್ದು ಕೇಳಿಲ್ಲ ಅಷ್ಟೆ. ಚಮಚೆ ನಿಂತಿತು. ಆಮೇಲೆ ನನ್ನ ಬಯ್ಯಬಾರದು ನೋಡು. ನಿಮ್ಮನ್ನಲ್ಲ ಸಾರ್, ಚುರುಕಪ್ಪನ್ನ ಬಯ್ತೀನಿ, ಈಗಲೂ ಅದನ್ನೇ ಮಾಡ್ತಿದೀನಿ.

ಕಿತ್ತಳು, ಚುರುಕಪ್ಪನ ಸಾಲು ಮೊದಲು, ಮುಟ್ಟಬೇಡಿ ಎಂದವನ ಮುಖಕ್ಕೆ ಹೊಡೆದ ಹಾಗೆ, ಆಮೇಲೆ ಯಜಮಾನರದು, ಆಮೇಲೆ ಸರ್ವರಿನದು, ಎಲ್ಲ ಒಂದೇ ಫೈಲಿಗೆ ತಂದು ಸುರಿದಳು, ಕಾಗದದ್ದು ಕಾಗದದ ಜೊತೆ, ತಾರೀಖಿನದು ತಾರೀಖಿನ ಜೊತೆ, ಒಂದಕ್ಕೆ ಒಂದೇ ಜಾಗ, ಬೇರೆಲ್ಲಾದರೂ ಅದೇ ಹೆಸರು ಕಂಡರೆ ಆ್ಯಪ್ ಏಳಲೇಬಾರದು, ಮುಷ್ಕರ ಹೂಡಿ ಕೂರಬೇಕು ಎಂದು ಕಟ್ಟಳೆ ಹಾಕಿದಳು, ಎಬ್ಬಿಸಿದಳು, ಏಳಲಿಲ್ಲ, ಇನ್ನೆಲ್ಲೋ ಹಳೆಯ ಸಾಲು ಇದೆಯಂತೆ, ಅದನ್ನೂ ಕಿತ್ತಳು, ಮತ್ತೆ ಏಳಲಿಲ್ಲ, ಆಸ್ಪತ್ರೆಯ ವಿಳಾಸ ಇಲ್ಲವಂತೆ, ಅದೂ ಯಾವ ಮೂಲೆಯಲ್ಲಿತ್ತೋ, ಬರೆದಳು, ಏಳಪ್ಪ, ಏಳೋ ನನ್ನ ಕುಂಭಕರ್ಣ, ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂತು, ಸಿಂಕಿನಲ್ಲಿ ಲೋಟ ಹಾಗೇ ಇದೆ, ಅಯ್ಯೋ ಆ ನಲ್ಲಿ ಮುಚ್ಚಿದೆನೋ ಇಲ್ಲವೋ, ಗೋಡೆಯ ಆಚೆ ಯಂತ್ರ ಓಡಿ ನಿಂತಿತು, ಥೂ ಎಂದು ದಾರ ಕಚ್ಚಿದ ಸದ್ದು, ಅವಳೀಗ ಸೂಜಿಯನ್ನು ಮೂಗಿಗೆ ಹಿಡಿದಿರುತ್ತಾಳೆ, ಒಂದು ಕಣ್ಣು ಮುಚ್ಚಿ — ಎದ್ದಿತು. ತೆಪ್ಪಗೆ ಎದ್ದಿತು. ಟೆಸ್ಟ್ ಪೆಟ್ಟಿಗೆಯ ರಾಶಿಯನ್ನು ಸರದಿಯಲ್ಲೇ ಒಂದೊಂದಾಗಿ ಹೊರಗೆ ಬಿಟ್ಟಳು, ಮೇಷ್ಟರದು ಹೋಯಿತು, ಡ್ರೈವರಿನದು ಹೋಯಿತು, ಬಾಣಂತಿಯದು ಹೋಯಿತು, ಆಸ್ಪತ್ರೆಗೆ ಫೋನು ಹಚ್ಚಿದಳು, ನರ್ಸಮ್ಮ, ಈಗ ಹೋಗ್ತಿದಾವೆ, ಪಟ್ಟಿ ಸ್ವಲ್ಪ ಎಳೀರಿ. ಎಳೀತೀನಿ, ಡಾಕ್ಟ್ರ ಊಟ ಮುಗಿದು ನಿದ್ದೆ ಹತ್ತಿದೆ, ಏಳೋವರೆಗೂ ನಂದೇ ರಾಜ್ಯ, ಬೇಗ ಉತ್ತರ ಕೊಡಿಸಮ್ಮಾ. ಮತ್ತೊಂದು ಹೋಯಿತು, ಇನ್ನೊಂದು, ಸಾಲು ಕೆಳಗಿಳಿದು ನಾದಿನಿಯ ಹೆಸರಿಗೆ ಬಂತು, ಹೋಯಿತು — ಗೋಡೆಯ ಆಚೆ ಟಣ್ ಎಂದಿತು, ಯಂತ್ರ ನಿಂತಿತು, ಹೆಜ್ಜೆ, ಬಾಗಿಲು. ಅತ್ತಿಗೇ, ಏನೋ ಬಂದಿದೆ ನೋಡೇ, ಆಸ್ಪತ್ರೆ ಗುರುತಿನ ಹಾಗಿದೆ, ಇದರಲ್ಲಿ ಅಕ್ಷರ ಯಾವ್ದು ಗೆರೆ ಯಾವ್ದು ಒಂದೂ — ಕೊಡೇ ಇಲ್ಲಿ, ಬರ್ತೀನಿ ಅಂತ ಒತ್ತಬೇಕು, ಬೇಗ, ಎನ್ನಬೇಕು, ಕೈ ಚಾಚಿದಳು, ನಾದಿನಿಯ ಫೋನು ಅವಳ ಮೂಗಿಗೇ ಒತ್ತಿದೆ, ಒಂದು ಕಣ್ಣು ಮುಚ್ಚಿದೆ, ಗಾಜಿನ ಮೇಲೆ ಅವಳ ಉಸಿರಿನ ಮಂಜು, ಆ ಮಂಜನ್ನು ಸೆರಗಿನಿಂದ ಒರೆಸಿ ಮತ್ತೆ ಮೂಗಿಗೆ, ಮತ್ತೆ ಮಂಜು, ಒರೆಸಿ ಮತ್ತೆ ಮೂಗಿಗೆ