ನೂಲಿಲ್ಲದ ಗಂಟು

ಅಪ್ಪ ತಲೆಗೆ ಬಣ್ಣ ಹಚ್ಚಿಕೊಂಡಿದ್ದ. ಕಿವಿಯ ಅಂಚಿಗೂ ಕಪ್ಪು ಮೆತ್ತಿತ್ತು.

"ಮದುಮಗ ಹೊರಟ ನೋಡೇ," ಅಂತ ಅಮ್ಮ ನಕ್ಕಳು.

"ನಗು, ನಗು. ತಲೆ ನರೆತವನನ್ನ ಯಾರು ಕೆಲಸಕ್ಕೆ ತಗೋತಾರೆ?"

ಚಹಾ ಕುಡಿಯುತ್ತಿದ್ದ ಮಗಳು ಲೋಟ ಕೆಳಗಿಟ್ಟಳು.

ಅಪ್ಪ ದುಡಿಯುತ್ತಿದ್ದ ನೂಲಿನ ಮಿಲ್ಲು ಮುಚ್ಚಿದಾಗ ಅವಳಿನ್ನೂ ಶಾಲೆಯಲ್ಲಿದ್ದಳು. ಯಂತ್ರಗಳೆಲ್ಲ ಗುಜರಿಗೆ ಹೋಗಿ, ಷೆಡ್ಡಿನ ನೆಲದಲ್ಲಿ ಬೋಲ್ಟಿನ ತೂತುಗಳಷ್ಟೇ ಉಳಿದಿದ್ದವು. ಈಗ ಒಬ್ಬ ಕಲಾವಿದೆ ಆ ಖಾಲಿ ಷೆಡ್ಡಿನಲ್ಲೇ ತನ್ನ ಕಲಾಕೃತಿ ಮಾಡಲು ಬಂದಿದ್ದಳು. ಹಳೆಯ ಕೆಲಸಗಾರರು ತಮ್ಮ ತಮ್ಮ ಯಂತ್ರವಿದ್ದ ಜಾಗದಲ್ಲಿ ನಿಂತು, ಆಗ ಮಾಡುತ್ತಿದ್ದ ಕೆಲಸವನ್ನು ಬರಿಗೈಯಲ್ಲಿ ಮಾಡಬೇಕು, ಜನ ನೋಡಬೇಕು. ಅವರನ್ನು ಒಪ್ಪಿಸಿ ಕರೆತರುವುದು ಮಗಳ ನೌಕರಿ. ಅವಳ ಮೊದಲ ನೌಕರಿ.

"ಮಿಲ್ಲಿಗೆ ಮತ್ತೆ ನಿಮ್ಮನ್ನೆಲ್ಲ ಕರೀತಿದ್ದಾರಪ್ಪ," ಅಂದಿದ್ದಳು ನೌಕರಿ ಸಿಕ್ಕ ದಿನ, ಖುಷಿಯಲ್ಲಿ. ಅಪ್ಪ ಹೋಗಿ ನೋಡಿದರೆ ಗೋಡೆಗೆ ಸುಣ್ಣ, ಸೂರಿಗೆ ಹೊಸ ದೀಪ. ಇನ್ನೇನು ಬೇಕು? ಜೊತೆಗೆ ದುಡಿದಿದ್ದ ಐದು ಜನರನ್ನು ತಾನೇ ಹುರಿದುಂಬಿಸಿ ಒಪ್ಪಿಸಿದ್ದ.

"ಅಪ್ಪಾ, ಅದು ಕೆಲಸ ಅಲ್ಲ..." ಅಂದಳು ಈಗ.

"ಗೊತ್ತು ಕಣೇ. ಮೊದಲು ಕೈ ಹೆಂಗಿದೆ ನೋಡ್ತಾರೆ, ಆಮೇಲೆ ಮಿಷನ್ನು ತರ್ತಾರೆ. ನಂಗೇ ಹೇಳ್ಕೊಡ್ತೀಯಾ?"

ಇನ್ನೊಂದು ಮಾತು ಸಾಕಿತ್ತು. ಆದರೆ ಅದನ್ನು ಆಡಿದರೆ ಅಪ್ಪ ಬರುವುದಿಲ್ಲ. ಅಪ್ಪ ಬರದಿದ್ದರೆ ಆ ಐವರೂ ಬರುವುದಿಲ್ಲ. ಸಂಜೆಯೇ ಪ್ರದರ್ಶನ. ಮುಗಿದ ಮೇಲೆ ಹೇಳಿದರಾಯಿತು ಅಂತ ಅವಳು ಲೋಟ ತೊಳೆದಿಟ್ಟಳು.

ಸಂಜೆ ಷೆಡ್ಡಿನ ತುಂಬ ಇಸ್ತ್ರಿ ಬಟ್ಟೆಯ ಜನ. ಆರು ಗಂಡಸರು ಸಾಲಾಗಿ ನಿಂತು ಗಾಳಿಯಲ್ಲಿ ನೂಲು ಹಿಡಿಯುತ್ತಿದ್ದರು. ಅಪ್ಪ ಬಗ್ಗುತ್ತಿದ್ದ, ಕಡಿದ ಎಳೆ ಹುಡುಕುತ್ತಿದ್ದ, ಗಂಟು ಹಾಕಿ ಮುಂದಕ್ಕೆ ಸರಿಯುತ್ತಿದ್ದ. ಹಣೆಯ ಬೆವರಿನ ಜೊತೆ ಬಣ್ಣವೂ ಇಳಿಯುತ್ತಿತ್ತು.

"ನಿಮ್ಮಪ್ಪ ಅದ್ಭುತ ಕಣ್ರೀ," ಕಲಾವಿದೆ ಪಿಸುಗುಟ್ಟಿದಳು. "ಚೂರೂ ನಟನೆ ಇಲ್ಲ."

ಗಂಟೆ ಹೊಡೆಯಿತು, ಕೈಗಳು ನಿಂತವು. ಅಪ್ಪ ಮಾತ್ರ ಸೀದಾ ಮುಂದೆ ಬಂದು, ಕೋಟು ತೊಟ್ಟವರೊಬ್ಬರ ಎದುರು ನಿಂತ.

"ಕೈ ನೋಡಿದ್ರಲ್ಲ ಸಾರ್, ಒಂಚೂರೂ ನಡುಗಲ್ಲ. ಯಾವತ್ತಿಂದ ಬರೋಣ? ರಾತ್ರಿ ಪಾಳಿ ಆದ್ರೂ ಪರವಾಗಿಲ್ಲ ಸಾರ್, ಆರೂ ಜನ ರೆಡಿ."

ಕೋಟಿನವರು ಕಲಾವಿದೆಯ ಮುಖ ನೋಡಿದರು. ಎಲ್ಲೋ ಹಿಂದೆ ಯಾರೋ ಚಪ್ಪಾಳೆ ಹೊಡೆದರು. ಇದೂ ಪ್ರದರ್ಶನದ್ದೇ ಭಾಗ ಅಂದುಕೊಂಡು ಎಲ್ಲರೂ ಹೊಡೆದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಗದ್ದಲ ನಿಂತ ಮೇಲೆ ಉತ್ತರ ಬರುತ್ತದೆ ಅಂತ ಅಪ್ಪ ಕಾದ. ಅದು ನಿಲ್ಲಲಿಲ್ಲ. ತಿರುಗಿ ಮಗಳನ್ನು ಹುಡುಕಿದ.

ಅವಳೂ ಚಪ್ಪಾಳೆ ಹೊಡೆಯುತ್ತಿದ್ದಳು. ಯಾವಾಗ ಶುರು ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ.

ಅಪ್ಪ ಅವಳ ಕೈಗಳನ್ನೇ ನೋಡಿದ. ಆಮೇಲೆ ತನ್ನ ಜನರ ಹತ್ತಿರ ಹೋದ. ದೂರದಲ್ಲಿದ್ದ ಅವರಿಗೆ ಏನೂ ಕೇಳಿರಲಿಲ್ಲ.

"ಏನಂದ್ರೋ?" ಒಬ್ಬ ಕೇಳಿದ.

"ಹೇಳಿ ಕಳಿಸ್ತಾರಂತೆ." ಅಪ್ಪ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ತೋಳು ಕಪ್ಪಾಯಿತು. "ಅಲ್ವೇನಮ್ಮಾ?"

ಐದೂ ಮುಖಗಳು ಅವಳ ಕಡೆ ತಿರುಗಿದವು. ಅಪ್ಪ ಮಾತ್ರ ನೆಲದ ತೂತುಗಳನ್ನು ನೋಡುತ್ತಿದ್ದ.

"ಹೂಂ," ಅಂದಳು.