ನೀರು ಕುಡಿಯಬೇಡಿ

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳದು ಹನ್ನೆರಡು ವರ್ಷದ ಕೆಲಸ. ಬಾಟಲಿಯಲ್ಲಿ ಬಂದ ನೀರು ನೋಡುವುದು, ಫಲಿತಾಂಶವನ್ನು ಇಮೇಲ್‌ನಲ್ಲಿ ಕಳಿಸುವುದು. ಜೊತೆಯವರು ಅವಳನ್ನು ಗಿಂಡಿ ಅನ್ನುತ್ತಿದ್ದರು. ಗಿಡ್ಡಗೆ ದುಂಡಗೆ ಇದ್ದುದಕ್ಕೂ ಸರಿ, ಸದಾ ನೀರಿನದೇ ಮಾತಾಡುತ್ತಿದ್ದುದಕ್ಕೂ ಸರಿ.

ಒಂದು ಸೋಮವಾರ, ಹೊಲಿಗೆ ಕಾರ್ಖಾನೆಯ ಹೆಂಗಸರ ವಸತಿಗೃಹದಿಂದ ಬಂದ ನೀರಿನಲ್ಲಿ ವಾಂತಿಭೇದಿಯ ಕ್ರಿಮಿ ಕಂಡಿತು. ಗಿಂಡಿ ಕೂಡಲೇ ವಸತಿಗೃಹಕ್ಕೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಮೇಲ್ ಕಳಿಸಿದಳು. ಉತ್ತರ ಬರಲಿಲ್ಲವೆಂದು ಮಧ್ಯಾಹ್ನ ಇನ್ನೊಂದು, ಮರುದಿನ ಮತ್ತೆ ಮೂರು. ಮೊದಲನೆಯದು ಸಾದಾ, ಆಮೇಲಿನವೆಲ್ಲ ದಪ್ಪಕ್ಷರ, ಕೆಂಪು ಬಣ್ಣ: 'ತುರ್ತು!!! ಈಗಲೇ ಓದಿ!!! ನೀರು ಕುಡಿಯಬೇಡಿ!!!' ಇಷ್ಟು ಬಾಯಿ ಬಡಕೊಂಡ ಮೇಲೆ ಓದದೇ ಇರುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡಳು.

ಶುಕ್ರವಾರ ಸುದ್ದಿ ಬಂತು. ಒಂಬತ್ತು ಜನ ಆಸ್ಪತ್ರೆಯಲ್ಲಿ. ಒಬ್ಬ ಹುಡುಗಿ ಹೋಗಿಬಿಟ್ಟಿದ್ದಳು.

ಗಿಂಡಿ ಬಿದ್ದಂಬೀಳ ಓಡಿದಳು. ವಸತಿಗೃಹದ ಮೇಲ್ವಿಚಾರಕಿ ಕಂಪ್ಯೂಟರ್ ತೋರಿಸಿ, "ಎಲ್ಲಿದೆ ನಿಮ್ಮ ಮೇಲು? ನೀವೇ ಹುಡುಕಿ," ಅಂದಳು. ಐದೂ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವು. ಮೇಲೊಂದು ಲಾಟರಿ ಬಹುಮಾನ, ಕೆಳಗೊಂದು ಬೊಕ್ಕತಲೆಗೆ ಎಣ್ಣೆ.

ಬಾಗಿಲಲ್ಲಿ ಸತ್ತವಳ ಅಕ್ಕ ನಿಂತಿದ್ದಳು. "ಐದು ಸಲ ಬರೆದ್ರಾ?"

"ಹೌದಮ್ಮ."

"ನಡ್ಕೊಂಡು ಬಂದಿದ್ರೆ ಎಷ್ಟು ಹೊತ್ತಾಗ್ತಿತ್ತು?"

"ಇಪ್ಪತ್ತು ನಿಮಿಷ," ಅಂದಳು ಗಿಂಡಿ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಮರುದಿನ ಕಚೇರಿಯ ಕಂಪ್ಯೂಟರ್ ಮೆಕ್ಯಾನಿಕ್‌ನನ್ನು ಹಿಡಿದು ಕೇಳಿದಳು. ಅವನು ತಲೆ ಕೆರೆದುಕೊಂಡ. "ಮೊದಲನೇದು ಸ್ಪ್ಯಾಮ್‌ಗೆ ಯಾಕೆ ಹೋಯ್ತೋ ಸರಿಯಾಗಿ ಗೊತ್ತಿಲ್ಲ ಅಕ್ಕಾ. ನಮ್ಮ ಸರ್ವರ್‌ನಲ್ಲೇ ಯಾವನೋ ಕಳ್ಳಮೇಲು ಕಳಿಸ್ತಿದ್ದ, ನಮಗೂ ಕೆಟ್ಟ ಹೆಸರು, ಅದಕ್ಕಿರಬಹುದು. ಆಮೇಲಿನವು ಮಾತ್ರ ನೀವು ಕೂಗಿದ್ದಕ್ಕೇ ಹೋದ್ವು. ಕೆಂಪಕ್ಷರ, ತುರ್ತು ಅಂದ್ರೆ ಕಂಪ್ಯೂಟರು ಮೋಸ ಅಂದ್ಕೊಳ್ಳುತ್ತೆ."

"ಸಾವು ಬಂದಿದೆ ಅಂತ ಪಿಸುಗುಟ್ಟಬೇಕಿತ್ತಾ?"



ಅವನು ಹೇಳಿಕೊಟ್ಟಂತೆ ಸಾದಾ ಅಕ್ಷರದಲ್ಲಿ, ನೀರು ಪರೀಕ್ಷೆಗೆ ಕಳಿಸುವ ನಲವತ್ತು ಕಡೆಗೆ ಒಂದೊಂದಾಗಿ ಬರೆದಳು: ನಮ್ಮ ವಿಳಾಸವನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಸ್ಪ್ಯಾಮ್‌ನಲ್ಲಿ ಕಂಡರೆ 'ಇದು ಸ್ಪ್ಯಾಮ್ ಅಲ್ಲ' ಎಂಬುದನ್ನು ಒತ್ತಿ, ತಲುಪಿದ್ದಕ್ಕೆ ಒಂದು ಸಾಲು ಬರೆಯಿರಿ. ವಾರ ಕಳೆಯಿತು. ಹನ್ನೊಂದು ಉತ್ತರ ಬಂದವು. ಉಳಿದ ಇಪ್ಪತ್ತೊಂಬತ್ತು ಎಲ್ಲಿ ಬಿದ್ದಿವೆಯೋ ತಿಳಿಯಲಿಲ್ಲ.

"ಕಳಿಸಿದ ದಾಖಲೆ ಇದೆಯಲ್ಲ, ನಿಮ್ಮ ತಲೆಗೆ ಏನೂ ಬರಲ್ಲ," ಎಂದರು ಮುಖ್ಯಸ್ಥರು, ಒಳ್ಳೆಯ ಮನಸ್ಸಿನಿಂದಲೇ. ವಿಚಾರಣೆಯವರೂ ಹಾಗೆಯೇ ಬರೆದುಕೊಟ್ಟರು. ಆ ಕಾಗದವನ್ನು ಅವಳು ಮನೆಗೆ ಒಯ್ಯಲಿಲ್ಲ.

ಈಗ ಕೆಟ್ಟ ಫಲಿತಾಂಶ ಬಂದರೆ ಗಿಂಡಿ ತಾನೇ ಹೋಗುತ್ತಾಳೆ. ಬಾಗಿಲು ತೆರೆದವರು, "ಇಷ್ಟಕ್ಕೆ ಬರಬೇಕಿತ್ತಾ? ಒಂದು ಮೇಲ್ ಹಾಕಿದ್ರೆ ಸಾಕಿತ್ತಲ್ಲ," ಅನ್ನುತ್ತಾರೆ. ಅವಳು ಫಲಿತಾಂಶದ ಕಾಗದವನ್ನು ಅವರ ಕೈಗಿಡುತ್ತಾಳೆ. ಅವರು ಓದಿ ಮುಗಿಸುವ ತನಕ ಹೊಸ್ತಿಲಲ್ಲೇ ನಿಂತಿರುತ್ತಾಳೆ.